30 ದಾಟಿದ ಮೇಲೆ ಹಲ್ಲಿಗೆ ಕ್ಲಿಪ್: ವಯಸ್ಸು ಅಡ್ಡಿಯಲ್ಲ, ಎರಡು ವರ್ಷದ ಲೆಕ್ಕ ಗೊತ್ತಿರಲಿ

ತುಮಕೂರು: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಸೊಟ್ಟ ಹಲ್ಲಿನ ವಿಷಯದಲ್ಲಿ ನಮ್ಮ ತಾಲೂಕುಗಳಲ್ಲಿ ನಡೆದಿರೋದೂ ಹೆಚ್ಚುಕಮ್ಮಿ ಇದೇ. ಹದಿಮೂರು ಹದಿನಾಲ್ಕು ವರ್ಷಕ್ಕೆ ಕ್ಲಿಪ್ ಹಾಕಿಸಬೇಕಿತ್ತು, ಆಗ ಮನೆಯಲ್ಲಿ ದುಡ್ಡಿರಲಿಲ್ಲ. ದುಡ್ಡಿದ್ದ ಮನೆಯಲ್ಲೂ ಹಲ್ಲಿಗೆ ಅಷ್ಟೊಂದು ಖರ್ಚು ಮಾಡೋ ರೂಢಿ ಇರಲಿಲ್ಲ. ಈಗ ಅದೇ ಹುಡುಗ ಅಂಗಡಿ ಇಟ್ಟಿದ್ದಾನೆ, ಅದೇ ಹುಡುಗಿ ಕೆಲಸಕ್ಕೆ ಹೋಗ್ತಿದ್ದಾಳೆ. ಕೈಯಲ್ಲಿ ನಾಲ್ಕು ಕಾಸು ಓಡಾಡ್ತಿದೆ. ಫೋಟೋ ತೆಗೆಯುವಾಗ ತುಟಿ ಮುಚ್ಚಿಕೊಳ್ಳೋದು ಸಾಕಾಗಿದೆ.

ಇದೇ ಹೊತ್ತಿಗೆ ಮೊಬೈಲ್ ತೆರೆದರೆ ರೀಲ್ಸ್‌ನಲ್ಲಿ ಹಲ್ಲಿನ ಜಾಹೀರಾತು. ತಂತಿ ಬೇಡ, ನೋವಿಲ್ಲ, ತಿಂಗಳಿಗೆ ಇಷ್ಟೇ ಕಂತು. ತಾಲೂಕು ಕೇಂದ್ರದ ಡೆಂಟಲ್ ಕ್ಲಿನಿಕ್ ಮುಂದೆ ಕೂಡ ಸಿಟಿಯಿಂದ ಸ್ಪೆಷಲಿಸ್ಟ್ ಬರ್ತಾರೆ ಅನ್ನೋ ಬೋರ್ಡು. ಹಾಗಾಗಿ ಮಕ್ಕಳ ಚಿಕಿತ್ಸೆ ಅಂತ ಅಂದುಕೊಂಡಿದ್ದ ಕ್ಲಿಪ್ ಈಗ ದೊಡ್ಡವರ ಬಾಯಿಗೂ ಬಂದಿದೆ.

ಇಲ್ಲಿ ಎರಡು ಪ್ರಶ್ನೆ ಇವೆ. ಈ ವಯಸ್ಸಲ್ಲಿ ಹಲ್ಲು ಸರೀತಾವಾ ಅನ್ನೋದು ಒಂದು. ಇದಕ್ಕೆ ಉತ್ತರ ಸುಲಭ, ಸರೀತಾವೆ. ಎರಡನೇದು, ಶುರು ಮಾಡಿದ್ದು ಪೂರ್ತಿ ಆಗುತ್ತಾ, ಮಧ್ಯದಲ್ಲಿ ನಿಂತರೆ ನಷ್ಟ ಯಾರದ್ದು ಅನ್ನೋದು. ಎಲ್ಲರೂ ಮೊದಲನೇ ಪ್ರಶ್ನೆ ಕೇಳಿ ಸಮಾಧಾನ ಮಾಡಿಕೊಳ್ತಾರೆ. ಕೇಳಬೇಕಾಗಿರೋದು ಎರಡನೇದು.

ಹಲ್ಲು ಸರಿಯೋದು ಹೇಗೆ?

ಹಲ್ಲು ಗೋಡೆಗೆ ಹೊಡೆದ ಮೊಳೆ ಥರ ದವಡೆಯಲ್ಲಿ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇದೆ. ಕ್ಲಿಪ್ಪಿನ ತಂತಿ ಒಂದು ಕಡೆಯಿಂದ ಮೆಲ್ಲಗೆ ಒತ್ತಿದರೆ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತೆ, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ಕಟ್ಟುತ್ತೆ. ಹೀಗೆ ಹಲ್ಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಜರುಗುತ್ತೆ. ಈ ಕ್ರಿಯೆ ಜೀವನಪೂರ್ತಿ ನಿಲ್ಲೋದಿಲ್ಲ. ಆದ್ದರಿಂದ 30 ಆಗಲಿ, 45 ಆಗಲಿ, ವಯಸ್ಸೊಂದನ್ನೇ ನೋಡಿ ಆಗಲ್ಲ ಅನ್ನೋ ಹಾಗಿಲ್ಲ.

ಮಕ್ಕಳಿಗೂ ದೊಡ್ಡವರಿಗೂ ವ್ಯತ್ಯಾಸ ಇರೋದು ದವಡೆಯಲ್ಲಿ. ಬೆಳೆಯೋ ವಯಸ್ಸಿನಲ್ಲಿ ದವಡೆಯ ಬೆಳವಣಿಗೆಯನ್ನೇ ಸ್ವಲ್ಪ ತಿದ್ದಬಹುದು. ದೊಡ್ಡವರಲ್ಲಿ ಬೆಳವಣಿಗೆ ಮುಗಿದಿರುತ್ತೆ. ಹಲ್ಲು ಮಾತ್ರ ಸೊಟ್ಟ ಇದ್ದರೆ ಕ್ಲಿಪ್ ಸಾಕು. ದವಡೆಯೇ ತೀರಾ ಮುಂದೆ ಅಥವಾ ಹಿಂದೆ ಇದ್ದರೆ ಎರಡೇ ದಾರಿ. ಒಂದೆರಡು ಹಲ್ಲು ಕೀಳಿಸಿ ಇರೋದರಲ್ಲೇ ಹೊಂದಿಸೋದು, ಇಲ್ಲ ದವಡೆಗೆ ಆಪರೇಷನ್. ಯಾವುದು ಬೇಕು ಅನ್ನೋದು ಕನ್ನಡಿ ನೋಡಿದರೆ ಗೊತ್ತಾಗಲ್ಲ. ಎಕ್ಸ್‌ರೇ ಬೇಕು, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಬೇಕು. ಎಕ್ಸ್‌ರೇ ಇಲ್ಲದೆ ಬರೀ ಫೋಟೋ ನೋಡಿ ರೇಟು ಹೇಳಿದರೆ ಅಲ್ಲೇ ಅನುಮಾನ ಬರಬೇಕು.

ಸಮಯದ ವಿಷಯದಲ್ಲೂ ನಿರೀಕ್ಷೆ ತಪ್ಪುತ್ತೆ. ಮದುವೆ ಆರು ತಿಂಗಳಿದೆ ಅನ್ನುವಾಗ ಕ್ಲಿಪ್ ನೆನಪಾಗೋರು ಜಾಸ್ತಿ. ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತೆ, ಹಲ್ಲು ಕೀಳಿಸಿದ ಕೇಸಿನಲ್ಲಿ ಇನ್ನೂ ಜಾಸ್ತಿ. ಬೇಗ ಮುಗಿಸಬೇಕು ಅಂತ ಜೋರಾಗಿ ಎಳೆದರೆ ಹಲ್ಲಿನ ಬೇರೇ ಸವೆಯುವ ಅಪಾಯ ಇದೆ.

ಮೊದಲು ವಸಡು, ಆಮೇಲೆ ತಂತಿ

ದೊಡ್ಡವರ ಬಾಯಲ್ಲಿ ಸೊಟ್ಟ ಹಲ್ಲು ಒಂದೇ ಸಮಸ್ಯೆ ಆಗಿರೋದಿಲ್ಲ. ಹುಳುಕು, ರೂಟ್ ಕೆನಾಲ್ ಆದ ಹಲ್ಲು, ಕ್ಯಾಪ್ ಹಾಕಿದ ಹಲ್ಲು, ಕಿತ್ತು ಖಾಲಿ ಬಿಟ್ಟ ಜಾಗ, ಎಲ್ಲಾ ಸೇರಿರುತ್ತೆ. ರೂಟ್ ಕೆನಾಲ್ ಆದ ಹಲ್ಲನ್ನ ಸರಿಸಬಹುದು. ಇಂಪ್ಲಾಂಟ್ ಹಾಕಿಸಿಕೊಂಡಿದ್ದರೆ ಅದು ಮೂಳೆಗೇ ಅಂಟಿಕೊಂಡಿರುತ್ತೆ, ಅಲುಗಾಡಲ್ಲ. ಹಾಗಾಗಿ ಹಲ್ಲು ಕಟ್ಟಿಸೋ ಯೋಚನೆಯೂ ಇದ್ದರೆ ಕ್ಲಿಪ್ಪಿನ ವಿಷಯ ಮೊದಲೇ ತೀರ್ಮಾನ ಆಗಬೇಕು.

ಎಲ್ಲಕ್ಕಿಂತ ಮುಖ್ಯ ವಸಡು. ಹಲ್ಲುಜ್ಜುವಾಗ ರಕ್ತ ಬರೋದು, ಬಾಯಿ ವಾಸನೆ, ಹಲ್ಲು ಸಡಿಲ ಆಗೋದು ಇವೆಲ್ಲ ವಸಡಿನ ಕಾಯಿಲೆಯ ಗುರುತು. ಈ ಸ್ಥಿತಿಯಲ್ಲಿ ತಂತಿ ಬಿಗಿದರೆ ಹಲ್ಲು ಹಿಡಿದಿರೋ ಮೂಳೆ ಇನ್ನೂ ಬೇಗ ಹೋಗುತ್ತೆ. ನೆಟ್ಟಗಾದ ಹಲ್ಲು ಕೈಗೆ ಬಂದರೆ ಏನು ಲಾಭ? ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ ಸಿಗರೇಟು ಸೇದೋರಿಗೆ, ಗುಟ್ಕಾ ಹೊಗೆಸೊಪ್ಪು ಹಾಕೋರಿಗೆ ಈ ಅಪಾಯ ಜಾಸ್ತಿ. ವಸಡು ಸರಿ ಮಾಡಿಸಿ, ಮೂಳೆ ಗಟ್ಟಿ ಇದೆ ಅಂತ ನೋಡಿಕೊಂಡು ಆಮೇಲೆ ಕ್ಲಿಪ್. ಕ್ಲೀನಿಂಗ್ ಕೂಡ ಮಾಡದೆ ಅವತ್ತೇ ಕ್ಲಿಪ್ ಅಂಟಿಸ್ತೀವಿ ಅಂದರೆ ಎದ್ದು ಬರೋದು ವಾಸಿ.

ಪಾವಗಡದ ನೀರಿನ ಲೆಕ್ಕ ಬೇರೆ

ಈ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಇದೆ, ಬೆಂಗಳೂರಿನ ಜಾಹೀರಾತಿನಲ್ಲಿ ಅದು ಬರೋದಿಲ್ಲ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹಳೇ ಕಥೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಅನ್ನುತ್ತೆ ಬಿಐಎಸ್ ಮಾನದಂಡ. ಚಿಕ್ಕಂದಿನಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳೋ ವಯಸ್ಸಿನಲ್ಲಿ, ಇದಕ್ಕಿಂತ ಜಾಸ್ತಿ ಫ್ಲೋರೈಡ್ ಇರೋ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಕಲೆ ಉಳಿಯುತ್ತೆ. ಈಗ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ ನಿಜ. ಆದರೆ ದೊಡ್ಡವರಾದ ಮೇಲೆ ಆ ನೀರು ಕುಡಿದರೆ ಹಳೇ ಕಲೆ ಹೋಗಲ್ಲ.

ಕ್ಲಿಪ್ಪಿಗೂ ಇದಕ್ಕೂ ಏನು ಸಂಬಂಧ? ಕ್ಲಿಪ್ಪಿನ ಚಿಕ್ಕ ಚಿಕ್ಕ ಬಿಲ್ಲೆಗಳನ್ನ ಹಲ್ಲಿನ ಹೊರಪದರಕ್ಕೆ ಅಂಟಿಸ್ತಾರೆ. ಫ್ಲೋರೈಡ್ ಕಲೆ ಜಾಸ್ತಿ ಇರೋ ಹಲ್ಲಿಗೆ ಈ ಅಂಟು ಅಷ್ಟು ಗಟ್ಟಿಯಾಗಿ ಹಿಡಿಯಲ್ಲ. ಬಿಲ್ಲೆ ಪದೇ ಪದೇ ಕಳಚಿಕೊಳ್ಳಬಹುದು. ಕಳಚಿದಾಗೆಲ್ಲ ಒಂದು ಓಡಾಟ, ಒಂದಷ್ಟು ದಿನ ಹಿಂದಕ್ಕೆ. ಬಿಲ್ಲೆ ಬಿದ್ದರೆ ಮತ್ತೆ ಅಂಟಿಸೋಕೆ ದುಡ್ಡು ತಗೋತೀರಾ ಅಂತ ಮೊದಲೇ ಕೇಳಿಕೊಂಡಿರಬೇಕು. ಇನ್ನೊಂದು, ಕ್ಲಿಪ್ ಹಲ್ಲನ್ನ ಸಾಲಿಗೆ ತರುತ್ತೆ ಅಷ್ಟೆ, ಬಣ್ಣ ಬದಲಾಯಿಸಲ್ಲ. ಕಲೆಗೆ ಬೇರೆ ಚಿಕಿತ್ಸೆ, ಬೇರೆ ಖರ್ಚು.

ಊಟದ ವಿಷಯದಲ್ಲಿ ಈ ಜಿಲ್ಲೆಯವರಿಗೆ ಒಂದು ಅನುಕೂಲ ಉಂಟು. ಮುದ್ದೆಯನ್ನ ಅಗಿಯೋದಿಲ್ಲ, ನುಂಗೋದು. ತಂತಿ ಬಿಗಿಸಿಕೊಂಡು ಬಂದ ಎರಡು ಮೂರು ದಿನ ಹಲ್ಲು ನೋಯುವಾಗ ಮುದ್ದೆ ಸಾರಿಗಿಂತ ಒಳ್ಳೇದಿಲ್ಲ. ತೊಂದರೆ ಇರೋದು ಹುರಿದ ಕಡಲೆಕಾಯಿ, ನಿಪ್ಪಟ್ಟು, ಚಕ್ಕುಲಿ, ಕಬ್ಬಿನಲ್ಲಿ. ಗಲ್ಲಾದಲ್ಲಿ ಕೂತು ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳೋ ಅಭ್ಯಾಸ ಇದ್ದವರು ಎರಡು ವರ್ಷ ಕೈ ಕಟ್ಟಿಕೊಳ್ಳಬೇಕು.

ತಂತಿಯೋ, ಪ್ಲಾಸ್ಟಿಕ್ಕೋ?

ಸ್ಟೀಲಿನ ಕ್ಲಿಪ್ ಎಲ್ಲಕ್ಕಿಂತ ಅಗ್ಗ. ಹಲ್ಲಿನ ಬಣ್ಣದ ಸೆರಾಮಿಕ್ ಅದಕ್ಕಿಂತ ದುಬಾರಿ. ಪಾರದರ್ಶಕ ಅಲೈನರ್ ಇನ್ನೂ ದುಬಾರಿ, ಕಷ್ಟದ ಕೇಸಿನಲ್ಲಿ ಲಕ್ಷ ದಾಟೋದೂ ಉಂಟು. ಅಲೈನರ್ ಅಂದರೆ ಹಲ್ಲಿನ ಮೇಲೆ ಕೂರೋ ತೆಳು ಪ್ಲಾಸ್ಟಿಕ್ ಕವಚ. ಒಂದೆರಡು ವಾರಕ್ಕೊಮ್ಮೆ ಹೊಸದು ಹಾಕಬೇಕು. ಊಟಕ್ಕೆ, ಹಲ್ಲುಜ್ಜೋಕೆ ತೆಗೆಯಬಹುದು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿ ಇರಲೇಬೇಕು.

ದಿನಕ್ಕೆ ಹತ್ತು ಸಲ ಟೀ ಕುಡಿಯೋ ಅಂಗಡಿಯವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ. ಪ್ರತಿ ಸಲ ತೆಗಿ, ಬಾಯಿ ತೊಳಿ, ಹಾಕು. ಬಿಟ್ಟರೆ ಹಲ್ಲು ಸರಿಯಲ್ಲ, ದುಡ್ಡು ಮಾತ್ರ ಹೋಗುತ್ತೆ. ಅಂಟಿಸಿದ ಕ್ಲಿಪ್ಪಿಗೆ ಈ ರಗಳೆ ಇಲ್ಲ. ನೋಡೋಕೆ ಅಷ್ಟು ಚೆಂದ ಕಾಣಲ್ಲ, ಆದರೆ ಮರೆತರೂ ಅದರ ಪಾಡಿಗೆ ಅದು ಕೆಲಸ ಮಾಡ್ತಿರುತ್ತೆ. ತೀರಾ ಸೊಟ್ಟ ಇರೋ ಹಲ್ಲಿಗೆ, ಹಲ್ಲು ಕಿತ್ತು ಜಾಗ ಮುಚ್ಚೋ ಕೇಸಿಗೆ ಅನೇಕ ಸಲ ಇದೇ ವಾಸಿ.

ಬಡ್ಡಿ ಇಲ್ಲದ ಕಂತು ಅನ್ನೋದು ಇದೆಯಾ?

ಆರೋಗ್ಯ ವಿಮೆಯ ಬಹುತೇಕ ಪಾಲಿಸಿಗಳು ಹಲ್ಲು ನೆಟ್ಟಗೆ ಮಾಡಿಸೋ ಖರ್ಚು ಕೊಡಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ತೆಗೆದಿದ್ದಾರೆ, ಟೂತ್‌ಪೇಸ್ಟ್ ಬ್ರಷ್ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಒಳ್ಳೇದೇ. ಆದರೆ ಪಾಲಿಸಿ ಅಗ್ಗ ಆಯ್ತು ಅಂದ ಮಾತ್ರಕ್ಕೆ ಕ್ಲಿಪ್ ಅದರೊಳಗೆ ಬರಲಿಲ್ಲ. ರಾಜ್ಯ ಸರ್ಕಾರದ ದಂತ ಭಾಗ್ಯ ಇರೋದು ಹಲ್ಲು ಉದುರಿದ ಬಡ ಹಿರಿಯರಿಗೆ ಹಲ್ಲು ಸೆಟ್ ಕೊಡೋಕೆ. ಹಾಗಾಗಿ ಕ್ಲಿಪ್ಪಿನ ಖರ್ಚು ಪೂರ್ತಿ ಸ್ವಂತ ಜೇಬಿನದ್ದು. ಇಲ್ಲೇ ಇಎಂಐ ಬರೋದು.

ವ್ಯಾಪಾರ ಮಾಡೋರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ಚಿಕಿತ್ಸೆಗೆ 60 ಸಾವಿರ, ತಿಂಗಳಿಗೆ 5 ಸಾವಿರದಂತೆ 12 ಕಂತು, ಬಡ್ಡಿ ಇಲ್ಲ ಅಂತ ಹೇಳಿದರು ಅಂದುಕೊಳ್ಳಿ. ಒಂದೇ ಸಲ ನಗದು ಕೊಟ್ಟರೆ ಎಷ್ಟು ಅಂತ ಕೇಳಿ. 54 ಸಾವಿರ ಅಂದರೆ ಆ 6 ಸಾವಿರವೇ ಬಡ್ಡಿ. ಪ್ರತಿ ತಿಂಗಳೂ ಅಸಲು ಕರಗ್ತಾ ಹೋಗೋದರಿಂದ ಇದು ವರ್ಷಕ್ಕೆ ಸುಮಾರು 20 ಪರ್ಸೆಂಟ್ ಬಡ್ಡಿ ಆಯ್ತು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಗೂ ಮೇಲೆ. ಸೊನ್ನೆ ಬಡ್ಡಿ ಅನ್ನೋದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಎಲ್ಲಾ ಸೇರಿಸಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಬೀಳುತ್ತೆ ಅಂತ ಬರೆದಿರೋ ಮುಖ್ಯಾಂಶದ ಪತ್ರ ಕೊಡಲೇಬೇಕು. ಸಹಿ ಅಥವಾ ಒಟಿಪಿಗೆ ಮುಂಚೆ ಅದನ್ನ ಕೇಳಿ ಓದಬೇಕು.

ಬಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಇಎಂಐ ಸಾಲ ಕೊಡೋದು ಕ್ಲಿನಿಕ್ ಅಲ್ಲ, ಫೈನಾನ್ಸ್ ಕಂಪನಿ. ಅದು ಕ್ಲಿನಿಕ್ಕಿಗೋ ಅಲೈನರ್ ಕಂಪನಿಗೋ ದುಡ್ಡು ಮೊದಲೇ ಕೊಟ್ಟುಬಿಡುತ್ತೆ. ಅಂದರೆ ಚಿಕಿತ್ಸೆ ಮಾಡೋರಿಗೆ ಪೂರ್ತಿ ದುಡ್ಡು ಮೊದಲ ತಿಂಗಳೇ ಬಂತು, ಕೆಲಸ ಮಾತ್ರ ಎರಡು ವರ್ಷ ಬಾಕಿ. ಮಧ್ಯದಲ್ಲಿ ಬಾಗಿಲು ಹಾಕಿದರೂ ಕಂತು ನಿಲ್ಲಲ್ಲ. ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಕೆಡುತ್ತೆ. ನಾಳೆ ಅಂಗಡಿಗೆ ಸಾಲ ಕೇಳೋಕೆ ಬ್ಯಾಂಕಿಗೆ ಹೋದಾಗ ಇದೇ ಎದುರಿಗೆ ಬರುತ್ತೆ.

ಹೀಗೆಲ್ಲ ಆಗುತ್ತಾ ಅಂದರೆ, ಆಗಿದೆ. ಅಮೆರಿಕದಲ್ಲಿ 2014ರಲ್ಲಿ ಶುರುವಾದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅನ್ನೋ ಕಂಪನಿ ಅಲೈನರ್‌ಗಳನ್ನ ನೇರವಾಗಿ ಮನೆಗೇ ಕಳಿಸ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಡಿಸೆಂಬರ್‌ನಲ್ಲಿ ಏಕಾಏಕಿ ಮುಚ್ಚಿತು. ಚಿಕಿತ್ಸೆ ಅರ್ಧಕ್ಕೆ ನಿಂತವರು ತಮ್ಮೂರಿನ ಡಾಕ್ಟರ್ ಹುಡುಕಿಕೊಳ್ಳಬೇಕಾಯ್ತು. ಕಂತಿನ ಮೇಲೆ ತಗೊಂಡವರು ಕಂತು ಕಟ್ಟೋದನ್ನ ಮುಂದುವರಿಸಬೇಕು ಅಂತಲೂ ಕಂಪನಿ ಹೇಳಿತ್ತು. ಅಷ್ಟು ದೊಡ್ಡ ಕಂಪನಿಯೇ ಹೀಗೆ ಮಾಡಿತು ಅಂದರೆ, ಪೂರ್ತಿ ದುಡ್ಡು ಮೊದಲೇ ಕೊಡೋ ಪದ್ಧತಿಯಲ್ಲೇ ತೊಂದರೆ ಇದೆ ಅಂತ ಅರ್ಥ.

ಇದಕ್ಕೆ ಪರಿಹಾರ ಹಳೇ ಪದ್ಧತಿಯಲ್ಲೇ ಇದೆ. ಅನೇಕ ಕ್ಲಿನಿಕ್‌ಗಳು ಈಗಲೂ ಸ್ವಲ್ಪ ಅಡ್ವಾನ್ಸ್ ತಗೊಂಡು, ಉಳಿದದ್ದನ್ನ ಪ್ರತಿ ತಿಂಗಳ ವಿಸಿಟ್‌ಗೆ ಇಷ್ಟು ಅಂತ ತಗೋತಾರೆ. ಕೆಲಸ ನಡೆದಷ್ಟು ದುಡ್ಡು. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಯಾರೂ ಪಾಯ ತೆಗೆಯೋ ದಿನವೇ ಪೂರ್ತಿ ಕೊಡಲ್ಲ ಅಲ್ವಾ?

ಸ್ಪೆಷಲಿಸ್ಟ್ ಬರೋದು ನಿಂತರೆ?

ಬಿಡಿಎಸ್ ಐದು ವರ್ಷದ ಕೋರ್ಸು. ಹಲ್ಲು ನೆಟ್ಟಗೆ ಮಾಡೋದರಲ್ಲೇ ಎಂಡಿಎಸ್ ಮಾಡೋಕೆ ಮತ್ತೆ ಮೂರು ವರ್ಷ. ಅಂಥವರನ್ನ ಆರ್ಥೊಡಾಂಟಿಸ್ಟ್ ಅಂತಾರೆ. ಬಿಡಿಎಸ್ ಮಾಡಿದವರೂ ಕ್ಲಿಪ್ ಹಾಕ್ತಾರೆ, ಸರಳ ಕೇಸಿನಲ್ಲಿ ಅದು ತಪ್ಪೇನಲ್ಲ. ಆದರೆ ದೊಡ್ಡವರ ಕೇಸು ಸರಳ ಇರೋದು ಕಡಿಮೆ. ಚಿಕಿತ್ಸೆ ಮಾಡೋರು ಯಾರು ಅನ್ನೋದು ತಿಳಿದಿರಬೇಕು.

ತಾಲೂಕಿನ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಸ್ಪೆಷಲಿಸ್ಟ್ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದು ಹೋಗ್ತಾರೆ. ಇದರಿಂದ ಅನುಕೂಲ ದೊಡ್ಡದು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ತಿಂಗಳಿಗೊಮ್ಮೆ ಅಂದರೂ ಎರಡು ವರ್ಷಕ್ಕೆ 24 ಸಲ ಹೋಗಿ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಟಿಕೆಟ್ ಇಲ್ಲ ಅಂದರೂ ಒಂದು ದಿನ ಹೋಗುತ್ತೆ. ಹೊಲಿಗೆ ಅಂಗಡಿಯೋ ಬ್ಯೂಟಿ ಪಾರ್ಲರೋ ನಡೆಸೋ ಹೆಣ್ಣುಮಗಳಿಗೆ 24 ದಿನ ಬಾಗಿಲು ಹಾಕೋದು ಅಂದರೆ ಹತ್ತಿರ ಹತ್ತಿರ ಒಂದು ತಿಂಗಳ ದುಡಿಮೆ. ಊರಲ್ಲೇ ಆದರೆ ಅದು ಉಳಿಯುತ್ತೆ.

ತೊಂದರೆ ಬರೋದು ಆ ಸ್ಪೆಷಲಿಸ್ಟ್ ಬರೋದು ನಿಲ್ಲಿಸಿದಾಗ. ತಂತಿ ಬಾಯಲ್ಲಿ ಹಾಗೇ ಇರುತ್ತೆ, ನೋಡೋರು ಇಲ್ಲ. ಬೇರೆ ಡಾಕ್ಟರ್ ಹತ್ತಿರ ಹೋದರೆ ಶುರುವಿನಲ್ಲಿ ಹಲ್ಲು ಹೇಗಿತ್ತು, ಯಾವ ಹಲ್ಲು ಯಾಕೆ ಕಿತ್ತರು ಅಂತ ಅವರಿಗೆ ಗೊತ್ತಿರಲ್ಲ. ಮತ್ತೆ ಎಕ್ಸ್‌ರೇ, ಮತ್ತೆ ಅಡ್ವಾನ್ಸ್. ಆದ್ದರಿಂದ ಮೊದಲ ಎಕ್ಸ್‌ರೇ, ಫೋಟೋ, ಸ್ಕ್ಯಾನ್, ಚಿಕಿತ್ಸೆಯ ಪ್ಲಾನ್ ಎಲ್ಲದರ ಪ್ರತಿ ರೋಗಿಯ ಹತ್ತಿರವೇ ಇರಬೇಕು. ಮೊಬೈಲಿನಲ್ಲಿ ಇದ್ದರೂ ಸಾಕು.

ಕಾನೂನು ಏನು ಕೊಟ್ಟಿದೆ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, 2007ರಿಂದ ಇದೆ. ಡೆಂಟಲ್ ಕ್ಲಿನಿಕ್ ಕೂಡ ಇದರಡಿ ನೋಂದಣಿ ಆಗಬೇಕು, ಚಿಕಿತ್ಸೆಯ ದರ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳನ್ನೂ ಸೇರಿಸಿದ್ದಾರೆ. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ. ಗ್ರಾಹಕ ಸಹಾಯವಾಣಿ 1915. ಆದರೆ ಇಲ್ಲೆಲ್ಲ ನಿಲ್ಲೋದು ಬಿಲ್ಲು, ರಸೀದಿ, ಬರಹದಲ್ಲಿರೋ ಪ್ಲಾನ್. ಚೀಟಿಯ ಹಿಂದೆ ಬರೆದುಕೊಟ್ಟ ಲೆಕ್ಕ ಇಟ್ಟುಕೊಂಡು ಹೋದರೆ ವಾದ ಮಾಡೋದು ಕಷ್ಟ. ಕಿರಾಣಿ ಅಂಗಡಿಯಲ್ಲಿ ಸಾಲದ ಪುಸ್ತಕ ತಪ್ಪದೆ ಬರೆಯೋರು ಕ್ಲಿನಿಕ್ಕಿನಲ್ಲಿ ರಸೀದಿ ಕೇಳೋಕೆ ಸಂಕೋಚ ಪಡೋದು ಯಾಕೆ?

ತಂತಿ ತೆಗೆದ ಮೇಲೂ ಮುಗಿಯಲ್ಲ

ಬಹಳ ಜನ ಸೋಲೋದು ಇಲ್ಲಿ. ತಂತಿ ತೆಗೆದ ದಿನ ಹಲ್ಲು ಸಾಲಾಗಿರುತ್ತೆ, ಆದರೆ ಸುತ್ತಲ ಮೂಳೆ, ನಾರು ಇನ್ನೂ ಹೊಸ ಜಾಗಕ್ಕೆ ಒಗ್ಗಿರೋದಿಲ್ಲ. ಬಿಟ್ಟರೆ ಹಳೇ ಜಾಗಕ್ಕೆ ವಾಪಸ್ ಹೋಗುತ್ತೆ. ಅದನ್ನ ತಡೆಯೋಕೆ ರಿಟೇನರ್. ಮೊದಲು ಕೆಲವು ತಿಂಗಳು ಹಗಲೂ ರಾತ್ರಿ, ಆಮೇಲೆ ವರ್ಷಗಟ್ಟಲೆ ರಾತ್ರಿ ಮಾತ್ರ. ಕೆಲವರಿಗೆ ಹಲ್ಲಿನ ಹಿಂದೆ ಸಣ್ಣ ತಂತಿಯೊಂದನ್ನ ಕಾಯಂ ಅಂಟಿಸ್ತಾರೆ. ರಿಟೇನರ್ ದುಡ್ಡು ಪ್ಯಾಕೇಜಿನಲ್ಲಿ ಸೇರಿದೆಯಾ, ಮುರಿದರೆ ಕಳೆದರೆ ಎಷ್ಟು ಅಂತ ಮೊದಲ ದಿನವೇ ಕೇಳಿಕೊಳ್ಳಬೇಕು.

ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಾದ್ದು

1. ಕ್ಲಿಪ್ ಹಾಕೋರು ಯಾರು, ಎಂಡಿಎಸ್ ಯಾವುದರಲ್ಲಿ, ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಏನು?

2. ವಸಡು ಮತ್ತು ಮೂಳೆ ಎಕ್ಸ್‌ರೇಯಲ್ಲಿ ನೋಡಿದ್ದೀರಾ? ಹಲ್ಲು ಕೀಳಬೇಕಾ, ಯಾವುದು, ಯಾಕೆ?

3. ಒಟ್ಟು ಎಷ್ಟು? ಎಕ್ಸ್‌ರೇ, ಬಿಲ್ಲೆ ಮತ್ತೆ ಅಂಟಿಸೋದು, ರಿಟೇನರ್ ಎಲ್ಲಾ ಇದರೊಳಗಿದೆಯಾ?

4. ವಿಸಿಟ್ ಲೆಕ್ಕದಲ್ಲಿ ದುಡ್ಡು ಕೊಡಬಹುದಾ? ಇಎಂಐ ಆದರೆ ಸಾಲ ಯಾರ ಹೆಸರಲ್ಲಿ?

5. ಮಧ್ಯದಲ್ಲಿ ಡಾಕ್ಟರ್ ಬಿಟ್ಟರೆ ಮುಂದುವರಿಸೋದು ಯಾರು, ಎಷ್ಟು ದುಡ್ಡು ವಾಪಸ್? ಇದು ಬರಹದಲ್ಲಿ ಸಿಗುತ್ತಾ?

ಈ ಐದಕ್ಕೂ ಬೇಸರ ಮಾಡಿಕೊಳ್ಳದೆ ಉತ್ತರ ಕೊಡೋ ಕ್ಲಿನಿಕ್ ಊರಲ್ಲೇ ಇದ್ದರೆ ದೂರ ಹೋಗಬೇಕಾಗಿಲ್ಲ. ಇಲ್ಲ ಅಂದರೆ ಡೆಂಟಲ್ ಕಾಲೇಜು ಇನ್ನೊಂದು ದಾರಿ. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ಡೆಂಟಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಸಮಯ ಜಾಸ್ತಿ. ಅಲ್ಲಿ ಎಂಡಿಎಸ್ ಓದೋ ಡಾಕ್ಟರ್‌ಗಳು ಪ್ರೊಫೆಸರ್‌ಗಳ ಕಣ್ಣಳತೆಯಲ್ಲಿ ಚಿಕಿತ್ಸೆ ಮಾಡ್ತಾರೆ. ನೋಡೋ ಡಾಕ್ಟರ್ ಎಷ್ಟನೇ ವರ್ಷದಲ್ಲಿ ಇದ್ದಾರೆ ಅಂತ ಕೇಳಿಕೊಂಡರೆ ಒಳ್ಳೇದು. ಮೊದಲನೇ ವರ್ಷದವರಾದರೆ ಶುರುವಿನಿಂದ ಕೊನೇವರೆಗೆ ಅವರೇ ನೋಡೋ ಸಾಧ್ಯತೆ ಜಾಸ್ತಿ. ಅವರು ಓದು ಮುಗಿಸಿ ಹೋದರೂ ಫೈಲು ಕಾಲೇಜಿನಲ್ಲೇ ಇರುತ್ತೆ, ಮುಂದಿನವರು ಅದನ್ನ ನೋಡಿಕೊಂಡು ಮುಂದುವರಿಸ್ತಾರೆ.